ಮಹಾಮುಗ್ಗಟ್ಟಿನಲ್ಲಿ ಯಾರ ಮಾತು ಕೇಳಬೇಕು? ಹಯೆಕ್‌ರಿಂದ ಮಿನ್ಸ್ಕಿವರೆಗೆ ಒಂದು ಹೋಲಿಕೆಯ ಮಾರ್ಗದರ್ಶಿ

1932ರ ಅಕ್ಟೋಬರ್ 17ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಆರು ಮಂದಿ ಸಹಿ ಮಾಡಿದ ಪತ್ರವೊಂದು ಪ್ರಕಟವಾಯಿತು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞರಾದ ಜಾನ್ ಮೇನಾರ್ಡ್ ಕೇನ್ಸ್ ಮತ್ತು ಎ. ಸಿ. ಪಿಗೂ ಆ ಆರು ಮಂದಿಯಲ್ಲಿದ್ದರು. 1929ರಲ್ಲಿ ಶುರುವಾದ ಜಾಗತಿಕ ಆರ್ಥಿಕ ಕುಸಿತ, ಅಂದರೆ ಮಹಾಮುಗ್ಗಟ್ಟು (ಗ್ರೇಟ್ ಡಿಪ್ರೆಷನ್), ಆಗ ತೀವ್ರವಾಗಿತ್ತು; ಬ್ರಿಟನ್ನಿನಲ್ಲಿ ಸುಮಾರು 30 ಲಕ್ಷ ಜನರಿಗೆ ಕೆಲಸವಿರಲಿಲ್ಲ. ಜನರು ಖರ್ಚು ಬಿಗಿಹಿಡಿದು ಉಳಿಸಿದ ಹಣ ತಾನಾಗಿಯೇ ಕಾರ್ಖಾನೆ, ಮನೆ, ಯಂತ್ರಗಳ ರೂಪ ತಾಳುತ್ತದೆ ಎಂದು ಇಂಥ ಕಾಲದಲ್ಲಿ ನಂಬಿಕೊಂಡಿರಬಾರದು, ಒಬ್ಬರು ಖರ್ಚು ಮಾಡದೆ ಬಿಟ್ಟದ್ದು ಇನ್ನೊಬ್ಬರ ಆದಾಯದಲ್ಲಿ ಖೋತಾ ಆಗುತ್ತದೆ, ಆದ್ದರಿಂದ ವ್ಯಕ್ತಿಗಳೂ ಸ್ಥಳೀಯ ಸಂಸ್ಥೆಗಳೂ ಉಪಯುಕ್ತ ಕೆಲಸಗಳಿಗೆ ಹಣ ಖರ್ಚು ಮಾಡಲು ಹಿಂಜರಿಯಬಾರದು ಎಂಬುದು ಪತ್ರದ ತಾತ್ಪರ್ಯವಾಗಿತ್ತು. ಎರಡೇ ದಿನಗಳ ಬಳಿಕ, 19ರಂದು, ಅದೇ ಪತ್ರಿಕೆಯಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ನಾಲ್ವರು ಪ್ರಾಧ್ಯಾಪಕರ ಉತ್ತರ ಬಂತು. ಅವರಲ್ಲಿ ಫ್ರೀಡ್ರಿಕ್ ಹಯೆಕ್ ಮತ್ತು ಲಯನೆಲ್ ರಾಬಿನ್ಸ್ ಇದ್ದರು. ಸರ್ಕಾರ ಹೊಸದಾಗಿ ಸಾಲ ಮಾಡಿ ಖರ್ಚು ಹೆಚ್ಚಿಸುವುದು ತಪ್ಪು, ವ್ಯಾಪಾರಕ್ಕೂ ಬಂಡವಾಳದ ಓಡಾಟಕ್ಕೂ ಒಡ್ಡಿರುವ ಅಡ್ಡಿಗಳನ್ನು ತೆಗೆದುಹಾಕುವುದೇ ಅದು ಮಾಡಬೇಕಾದ ಕೆಲಸ ಎಂದು ಅವರು ವಾದಿಸಿದರು.

ದೇಶ ಒಂದೇ, ವಾರ ಒಂದೇ, ಕಣ್ಣೆದುರಿನ ಅಂಕಿಅಂಶಗಳೂ ಒಂದೇ ಆಗಿದ್ದರೂ ಎರಡೂ ಕಡೆಯ ವಿದ್ವಾಂಸರು ತದ್ವಿರುದ್ಧವಾದ ಔಷಧ ಬರೆದುಕೊಟ್ಟರು. ಅಂದಿನಿಂದ ಇಂದಿನವರೆಗೆ ದೊಡ್ಡ ಆರ್ಥಿಕ ಕುಸಿತ ಬಂದಾಗಲೆಲ್ಲ ಈ ಜಗಳ ಮತ್ತೆ ತಲೆ ಎತ್ತುತ್ತದೆ. 2008ರ ಹಣಕಾಸು ಬಿಕ್ಕಟ್ಟಿನಲ್ಲಿಯೂ ಎತ್ತಿತು, 2020ರ ಕೊರೊನಾ ಕಾಲದಲ್ಲಿಯೂ ಎತ್ತಿತು. ಪತ್ರಿಕೆ ಓದುವವರು, ಅರ್ಥಶಾಸ್ತ್ರ ಕಲಿಯುವವರು, ಸಂಘಸಂಸ್ಥೆಗಳಲ್ಲಿ ಚರ್ಚೆ ನಡೆಸುವವರು ಯಾರ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ತೀರ್ಮಾನಿಸಲು ನೆರವಾಗಲೆಂದು ಈ ಹೋಲಿಕೆಯನ್ನು ಬರೆದಿದ್ದೇನೆ.

ಅಳತೆಗೋಲು ಯಾವುದು

ಚಿಂತಕರನ್ನು ಎಡಪಂಥ, ಬಲಪಂಥ ಎಂದು ವಿಂಗಡಿಸಿ ಆರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಪ್ರತಿಯೊಬ್ಬರ ಮುಂದೆಯೂ ನಾಲ್ಕು ಪ್ರಶ್ನೆಗಳನ್ನು ಇಟ್ಟು ನೋಡುವುದು ಮೇಲು: ಕುಸಿತಕ್ಕೆ ಕಾರಣವೇನು, ಅದನ್ನು ಸರಿಪಡಿಸಬೇಕಾದವರು ಯಾರು, ಸರಿಹೋಗುವ ತನಕ ಯಾರು ಎಷ್ಟು ಕಾಲ ಕಾಯಬೇಕು, ಮತ್ತು ಎಲ್ಲ ಮುಗಿದ ಮೇಲೆ ಉಳಿಯುವ ಬಂಡವಾಳಶಾಹಿ ಎಂಥದ್ದು. ಈ ನಾಲ್ಕರಲ್ಲಿ ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಪ್ರತಿ ಸಿದ್ಧಾಂತವೂ ಯಾರನ್ನೋ ಕಾಯಲು ಹೇಳುತ್ತದೆ. ಆದರೆ ಹಾಗೆ ಹೇಳುತ್ತಿದೆಯೆಂಬುದು ಅದರ ಸಮೀಕರಣಗಳಲ್ಲಿ ಎದ್ದು ಕಾಣುವುದಿಲ್ಲ. ಕೆಲಸ ಕಳೆದುಕೊಂಡವರಿಗೆ ಮೂರು ವರ್ಷ ಬಲು ದೀರ್ಘ ಕಾಲ. ಅಷ್ಟರಲ್ಲಿ ಮನೆ ಹರಾಜಾಗುತ್ತದೆ, ಮಕ್ಕಳು ಶಾಲೆ ಬಿಡುತ್ತಾರೆ, ಕಲಿತ ಕಸುಬು ಕೈತಪ್ಪುತ್ತದೆ.

ಎಲ್ಲರೂ ಉತ್ತರ ಕೊಡಲು ಹೊರಟ ಘಟನೆ ಎಷ್ಟು ದೊಡ್ಡದಾಗಿತ್ತೆಂಬುದು ಮೊದಲು ಮನಸ್ಸಿನಲ್ಲಿರಲಿ. ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್ 3ರಂದು 381ರಲ್ಲಿತ್ತು. 1932ರ ಜುಲೈ 8ರಂದು ಅದು 41ಕ್ಕೆ ಇಳಿದಿತ್ತು. 1933ರ ಹೊತ್ತಿಗೆ ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ, ಸಗಟು ಬೆಲೆಗಳು ಸುಮಾರು ಮೂರನೆಯ ಒಂದು ಪಾಲು ಬಿದ್ದಿದ್ದವು, ಸಾವಿರಾರು ಬ್ಯಾಂಕುಗಳು ಬಾಗಿಲು ಮುಚ್ಚಿದ್ದವು. ಅಂದಿನ ಬಹುತೇಕ ದೊಡ್ಡ ದೇಶಗಳು ಸುವರ್ಣ ಪ್ರಮಿತಿಗೆ ಒಳಪಟ್ಟಿದ್ದವು. ತಮ್ಮ ನಾಣ್ಯವನ್ನು ಗೊತ್ತಾದ ತೂಕದ ಚಿನ್ನಕ್ಕೆ ಬದಲಿಸಿಕೊಡುವ ವಚನಕ್ಕೆ ಅವು ಕಟ್ಟುಬಿದ್ದಿದ್ದುದರಿಂದ ಒಂದು ದೇಶದ ಕುಸಿತ ಇನ್ನೊಂದಕ್ಕೆ ಹಬ್ಬಲು ದಾರಿ ಸಲೀಸಾಗಿತ್ತು.

ತಾಳಿಕೊಳ್ಳಿ ಎಂದವರು

ಹಯೆಕ್ 1931ರಲ್ಲಿ ವಿಯೆನ್ನಾದಿಂದ ಲಂಡನ್ನಿಗೆ ಬಂದವರು. ಅವರ ವಿವರಣೆ ಕುಸಿತಕ್ಕಿಂತ ಹಿಂದಿನ ಏರುಗಾಲದಿಂದ ಶುರುವಾಗುತ್ತದೆ. ಜನರ ನಿಜವಾದ ಉಳಿತಾಯ ಒಪ್ಪುವುದಕ್ಕಿಂತ ಕಡಿಮೆ ಬಡ್ಡಿಗೆ ಬ್ಯಾಂಕುಗಳು ಸಾಲ ಕೊಟ್ಟಾಗ ಉದ್ಯಮಿಗಳು ಬಹುಕಾಲದ ಬಳಿಕ ಫಲ ಕೊಡುವ ಕೆಲಸಗಳಿಗೆ ಕೈಹಾಕುತ್ತಾರೆ; ಅವುಗಳನ್ನು ಪೂರೈಸಲು ಬೇಕಾದ ಸಾಧನಗಳು ಸಾಕಾಗುವುದಿಲ್ಲವೆಂದು ತಿಳಿದಾಗ ಅರ್ಧಕ್ಕೆ ಬಿಡಬೇಕಾಗುತ್ತದೆ. ಹೀಗೆ ತಪ್ಪು ಜಾಗದಲ್ಲಿ ಸಿಕ್ಕಿಬಿದ್ದ ಬಂಡವಾಳವೂ ದುಡಿಮೆಯೂ ಸರಿಯಾದ ಜಾಗಕ್ಕೆ ಸರಿಯುವ ಪ್ರಕ್ರಿಯೆಯನ್ನೇ ನಾವು ಮುಗ್ಗಟ್ಟು ಎನ್ನುತ್ತೇವೆ, ಅಗ್ಗದ ಹಣ ಸುರಿದು ಅದನ್ನು ತಡೆದರೆ ನೋವು ಮುಂದಕ್ಕೆ ಹೋಗುತ್ತದೆಯೇ ಹೊರತು ತೀರುವುದಿಲ್ಲ ಎಂಬುದು ಅವರ ನಿಲುವು. ಜೋಸೆಫ್ ಶುಂಪೀಟರ್ ಬೇರೆ ದಾರಿಯಿಂದ ಇದೇ ನಿಲುವಿನ ಹತ್ತಿರಕ್ಕೆ ಬಂದರು. ಹೊಸ ತಂತ್ರ, ಹೊಸ ಸರಕು ಹಳೆಯದನ್ನು ಕೆಡವಿಯೇ ಬೆಳೆಯುತ್ತದೆ, ಕುಸಿತಗಳು ಆ ಕೆಡವುವಿಕೆಯ ಭಾಗ ಎಂದು ಅವರು ತಿಳಿದಿದ್ದರು. ಅದಕ್ಕೆ 1942ರಲ್ಲಿ ಅವರು ಕೊಟ್ಟ ‘ಸೃಜನಶೀಲ ವಿನಾಶ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಈ ಪಂಥದ ವಾದಕ್ಕೆ ಅತ್ಯುತ್ತಮ ಸಾಕ್ಷ್ಯ 1920–21ರ ಅಮೆರಿಕದಲ್ಲಿ ಸಿಗುತ್ತದೆ. ಆಗ ಬೆಲೆಗಳು ಧಡಾರನೆ ಬಿದ್ದವು, ನಿರುದ್ಯೋಗ ಏರಿತು, ಸರ್ಕಾರ ದೊಡ್ಡ ಖರ್ಚಿಗೆ ಇಳಿಯಲಿಲ್ಲ. ಆದರೂ ಒಂದೂವರೆ ವರ್ಷದೊಳಗೆ ಚೇತರಿಕೆ ಬಂತು. ಇದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಆದರೆ ಅಂದು ಇಳಿದದ್ದು ಯುದ್ಧಕಾಲದಲ್ಲಿ ಉಬ್ಬಿದ್ದ ಬೆಲೆಗಳು ಎಂಬುದನ್ನೂ, 1921ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿ ದರವನ್ನು ಶೇಕಡಾ 7ರಿಂದ 4.5ಕ್ಕೆ ಇಳಿಸಿತ್ತು ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಎದುರು ಸಾಕ್ಷ್ಯ ಜರ್ಮನಿಯದು, ಮತ್ತು ಅದು ಭಾರವಾದದ್ದು. 1930ರ ಮಾರ್ಚ್‌ನಿಂದ 1932ರ ಮೇವರೆಗೆ ಚಾನ್ಸಲರ್ ಆಗಿದ್ದ ಹೈನ್ರಿಕ್ ಬ್ರೂನಿಂಗ್ ತುರ್ತು ಆದೇಶಗಳ ಮೂಲಕ ಸಂಬಳ, ಪಿಂಚಣಿ, ನಿರುದ್ಯೋಗ ಭತ್ಯೆಗಳನ್ನು ಕಡಿತಗೊಳಿಸುತ್ತ, ತೆರಿಗೆ ಏರಿಸುತ್ತ ಹೋದರು. ಅವರು ಹಾಗೆ ಮಾಡಿದ್ದು ಹಯೆಕ್‌ರನ್ನು ಓದಿ ಅಲ್ಲ. ಮೊದಲ ಮಹಾಯುದ್ಧದಲ್ಲಿ ಗೆದ್ದ ದೇಶಗಳಿಗೆ ಕೊಡಬೇಕಿದ್ದ ಪರಿಹಾರದ ಸಾಲ, ಸುವರ್ಣ ಪ್ರಮಿತಿಯ ಕಟ್ಟು, 1923ರ ಭೀಕರ ಹಣದುಬ್ಬರದ ನೆನಪು ಇವೆಲ್ಲ ಅವರ ಕೈ ಕಟ್ಟಿದ್ದವು. ಆದರೆ ಕಡಿತ ಮಾಡಿ ಕಾಯುವ ಔಷಧವನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದ ದೇಶ ಅದು. 1932ರ ಆರಂಭದಲ್ಲಿ ಅಲ್ಲಿನ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ದಾಟಿತು. 1928ರಲ್ಲಿ ಸಂಸತ್ತಿನಲ್ಲಿ 12 ಸ್ಥಾನ ಹೊಂದಿದ್ದ ನಾಜಿ ಪಕ್ಷ 1930ರ ಸೆಪ್ಟೆಂಬರ್‌ನಲ್ಲಿ 107 ಸ್ಥಾನಗಳನ್ನೂ 1932ರ ಜುಲೈನಲ್ಲಿ 230 ಸ್ಥಾನಗಳನ್ನೂ ಗೆದ್ದಿತು. ಮಾರುಕಟ್ಟೆ ಸರಿಹೋಗುವ ತನಕ ಜನ ತಾಳಿಕೊಂಡಿರುತ್ತಾರೆ ಎಂಬ ಊಹೆ ಈ ಸಿದ್ಧಾಂತದ ಒಳಗೆ ಇತ್ತು. ಜನ ತಾಳಲಿಲ್ಲ, ತಾಳಬೇಕೆಂದು ಕೇಳುವ ಹಕ್ಕೂ ಯಾರಿಗೂ ಇರಲಿಲ್ಲ.

ಹಾಗಾದರೆ ಹಯೆಕ್‌ರನ್ನು ಪಕ್ಕಕ್ಕೆ ಸರಿಸಿಬಿಡಬೇಕೇ? ಬೇಡ. ಏರುಗಾಲದಲ್ಲಿ, ಸಾಲ ಸಲೀಸಾಗಿ ಸಿಗುತ್ತಿರುವಾಗ, ಎಲ್ಲರೂ ನಿವೇಶನವನ್ನೋ ಷೇರನ್ನೋ ಕೊಳ್ಳುತ್ತಿರುವಾಗ ಅವರನ್ನು ಓದಬೇಕು. ಅವರದು ಒಳ್ಳೆಯ ಮುನ್ನೆಚ್ಚರಿಕೆ. ಕುಸಿತ ಬಂದ ಮೇಲಿನ ಚಿಕಿತ್ಸೆಯಾಗಿ ಮಾತ್ರ ಅದು ಕೆಲಸಕ್ಕೆ ಬರುವುದಿಲ್ಲ. ಹಯೆಕ್ ಸ್ವತಃ 1970ರ ದಶಕದಲ್ಲಿ, ಸಮಾಜದ ಒಟ್ಟು ಹಣದ ಹರಿವು ಕುಸಿಯದಂತೆ ನೋಡಿಕೊಳ್ಳಬೇಕು ಎಂಬ ನಿಲುವಿಗೆ ಸರಿದರು. ರಾಬಿನ್ಸ್ 1971ರ ತಮ್ಮ ಆತ್ಮಕಥನದಲ್ಲಿ, ಆ ಕಾಲದಲ್ಲಿ ಕೇನ್ಸ್‌ರ ಎದುರು ಹೂಡಿದ ವಾದವನ್ನು ತಮ್ಮ ವೃತ್ತಿಜೀವನದ ಅತಿ ದೊಡ್ಡ ತಪ್ಪೆಂದು ಒಪ್ಪಿಕೊಂಡರು. ಹೀಗೆ ತಪ್ಪನ್ನು ಬರೆದಿಟ್ಟುಹೋದ ವಿದ್ವಾಂಸರ ಬಗ್ಗೆ ನನಗೆ ಗೌರವವಿದೆ.

ಸಾಲದ ಭಾರವನ್ನು ಕಂಡ ಫಿಷರ್

ಯೇಲ್ ವಿಶ್ವವಿದ್ಯಾಲಯದ ಇರ್ವಿಂಗ್ ಫಿಷರ್ 1929ರ ಅಕ್ಟೋಬರ್‌ನಲ್ಲಿ, ಷೇರು ಬೆಲೆಗಳು ಇನ್ನು ಇಳಿಯದ ಎತ್ತರದ ಬಯಲನ್ನು ತಲುಪಿವೆ ಎಂದು ಹೇಳಿದ್ದರು. ಕೆಲವೇ ದಿನಗಳಲ್ಲಿ ಪೇಟೆ ಬಿತ್ತು. ಅವರ ಆಸ್ತಿಯೂ ಕರಗಿತು. ಆ ಒಂದು ಮಾತಿಗಾಗಿ ಅವರನ್ನು ಈಗಲೂ ಹೀಗಳೆಯುವವರಿದ್ದಾರೆ. ಆದರೆ ಸಾಲದಲ್ಲಿ ಮುಳುಗಿದ್ದ ಅದೇ ಫಿಷರ್ 1933ರಲ್ಲಿ ಬರೆದ ‘ಸಾಲ–ಬೆಲೆಯಿಳಿತ’ ಸಿದ್ಧಾಂತದ ಲೇಖನ, ನನ್ನ ಮಟ್ಟಿಗೆ, ಮಹಾಮುಗ್ಗಟ್ಟಿನ ಬಗ್ಗೆ ಬಂದ ಬರಹಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾದದ್ದು.

ಅದರ ತರ್ಕವನ್ನು ಗೋಧಿ ಬೆಳೆಯುವ ರೈತನೊಬ್ಬನ ಲೆಕ್ಕದಲ್ಲಿ ನೋಡೋಣ. ಅಮೆರಿಕದಲ್ಲಿ ಒಂದು ಬುಶೆಲ್ (ಸುಮಾರು 27 ಕಿಲೋ) ಗೋಧಿಗೆ 1929ರಲ್ಲಿ ರೈತನ ಕೈಗೆ ಸುಮಾರು ಒಂದು ಡಾಲರ್ ಬರುತ್ತಿತ್ತು. 1932ರಲ್ಲಿ ಬಂದದ್ದು 38 ಸೆಂಟ್ ಮಾತ್ರ. ಸಾವಿರ ಡಾಲರ್ ಸಾಲ ತೀರಿಸಲು 1929ರಲ್ಲಿ ಸುಮಾರು ಸಾವಿರ ಬುಶೆಲ್ ಮಾರಿದರೆ ಸಾಕಿತ್ತು. ಮೂರು ವರ್ಷಗಳ ಬಳಿಕ ಅದೇ ಸಾಲಕ್ಕೆ 2,600ಕ್ಕೂ ಹೆಚ್ಚು ಬುಶೆಲ್ ಬೇಕಾಯಿತು. ಪತ್ರದಲ್ಲಿ ಬರೆದ ಅಸಲು ಬದಲಾಗಲಿಲ್ಲ, ಅದನ್ನು ತೀರಿಸಲು ಸುರಿಸಬೇಕಾದ ಬೆವರು ಎರಡೂವರೆ ಪಟ್ಟಾಯಿತು. ಸಾಲ ತೀರಿಸಲು ಎಲ್ಲರೂ ಒಟ್ಟಿಗೆ ದವಸ, ಜಮೀನು, ಷೇರು ಮಾರಲು ಹೊರಟರೆ ಬೆಲೆಗಳು ಇನ್ನಷ್ಟು ಬೀಳುತ್ತವೆ. ಬೆಲೆ ಬಿದ್ದಷ್ಟೂ ಉಳಿದ ಸಾಲದ ತೂಕ ಏರುತ್ತದೆ. ತೀರಿಸಲು ಹೆಣಗಿದಷ್ಟೂ ಸಾಲ ಬೆಳೆಯುವ ಈ ವಿಪರೀತವನ್ನು ಫಿಷರ್ ಗುರುತಿಸಿದರು. ಹಯೆಕ್ ಹೇಳುವ ಶುದ್ಧೀಕರಣ ಇಲ್ಲಿ ನಡೆಯುವುದಿಲ್ಲ. ಲಾಭದಾಯಕವಾಗಿದ್ದ ಹೊಲವೂ ಚೆನ್ನಾಗಿ ನಡೆಯುತ್ತಿದ್ದ ಅಂಗಡಿಯೂ ಕೆಟ್ಟ ಹೂಡಿಕೆಯ ಜೊತೆಗೇ ಮುಳುಗುತ್ತವೆ.

ಇದು ಅಮೆರಿಕದ ಮಾತು ಮಾತ್ರವಲ್ಲ. ಬ್ರಿಟಿಷರ ಆಡಳಿತದಲ್ಲಿದ್ದ ಭಾರತದ ರೈತರೂ ಇದೇ ಕತ್ತರಿಯಲ್ಲಿ ಸಿಕ್ಕಿದ್ದರು. ಕೃಷಿ ಉತ್ಪನ್ನಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರೂ ಕಂದಾಯ ಮತ್ತು ಸಾಹುಕಾರರ ಬಡ್ಡಿ ರೂಪಾಯಿಗಳಲ್ಲಿ ಹಾಗೆಯೇ ಉಳಿದವು. 1927ರಲ್ಲಿ ಒಂದು ರೂಪಾಯಿಗೆ 18 ಪೆನ್ಸ್ ಎಂದು ಗೊತ್ತುಮಾಡಿದ್ದ ವಿನಿಮಯ ದರವನ್ನು ಸರ್ಕಾರ ಬಿಡಲೊಪ್ಪಲಿಲ್ಲ. ರೂಪಾಯಿ ದುಬಾರಿಯಾಗಿದ್ದಷ್ಟೂ ರೈತನ ಬೆಳೆಗೆ ಸಿಗುವ ರೂಪಾಯಿ ಕಡಿಮೆ. ಆ ದರವನ್ನು 16 ಪೆನ್ಸ್‌ಗೆ ಇಳಿಸಬೇಕೆಂಬುದು ಗಾಂಧೀಜಿ 1930ರ ಜನವರಿಯಲ್ಲಿ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಒಂದಾಗಿತ್ತು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಸುವರ್ಣ ಪ್ರಮಿತಿ ತೊರೆದಾಗ ರೂಪಾಯಿಯ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು, ಹಳ್ಳಿಗಳ ಒಡವೆಗಳು ಮಾರಾಟವಾಗಿ ಹಡಗೇರಿದವು. ಶತಮಾನಗಳಿಂದ ಚಿನ್ನ ತರಿಸಿಕೊಳ್ಳುತ್ತಿದ್ದ ನಾಡು ಚಿನ್ನ ಕಳುಹಿಸುವ ನಾಡಾಯಿತು. ತಾಯಂದಿರ ಕೊರಳಿನ ಸರ ಕಂದಾಯಕ್ಕೂ ಬಡ್ಡಿಗೂ ಹೋದ ಆ ವರ್ಷಗಳನ್ನು ಅರ್ಥಮಾಡಿಕೊಳ್ಳಲು ಫಿಷರ್‌ಗಿಂತ ಒಳ್ಳೆಯ ಕೈದೀವಿಗೆ ಇಲ್ಲ.

ಫಿಷರ್‌ರ ಮದ್ದು ಸರಳವಾದದ್ದು. ಸಾಲಗಳನ್ನು ಮಾಡಿದಾಗಿನ ಮಟ್ಟಕ್ಕೆ ಬೆಲೆಗಳನ್ನು ಮತ್ತೆ ಏರಿಸಬೇಕು, ಅದಕ್ಕೆ ಚಿನ್ನದ ಕಟ್ಟನ್ನು ಬಿಡಿಸಬೇಕು. 1933ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ರೂಸ್‌ವೆಲ್ಟ್ ಏಪ್ರಿಲ್‌ನಲ್ಲಿ ಅದನ್ನು ಬಿಡಿಸಿದರು. 1934ರ ಜನವರಿಯಲ್ಲಿ ಒಂದು ಔನ್ಸ್ ಚಿನ್ನದ ಅಧಿಕೃತ ಬೆಲೆ 20.67 ಡಾಲರ್‌ನಿಂದ 35 ಡಾಲರ್‌ಗೆ ಏರಿತು. 1933ರ ಮಾರ್ಚ್‌ನಿಂದ ಜುಲೈ ನಡುವೆ ಕೈಗಾರಿಕಾ ಉತ್ಪಾದನೆ ಅರ್ಧಕ್ಕಿಂತ ಹೆಚ್ಚು ಜಿಗಿಯಿತು. ಈ ದಾರಿಯಲ್ಲಿ ಸಾಲಗಾರ ಕಾಯಬೇಕಾಗಿಲ್ಲ. ನಷ್ಟದ ಒಂದು ಪಾಲನ್ನು ಸಾಲ ಕೊಟ್ಟವನು ಹೊರುತ್ತಾನೆ. ಅದು ನ್ಯಾಯವೆಂದೇ ನಾನು ನಂಬುತ್ತೇನೆ, ಏಕೆಂದರೆ ಬೆಲೆ ಬೀಳುವಾಗ ಏನೂ ಮಾಡದೆ ಲಾಭ ಪಡೆದವನೂ ಅವನೇ.

ಕೇಂದ್ರ ಬ್ಯಾಂಕನ್ನು ಹೊಣೆಗಾರನಾಗಿಸಿದವರು

ಮಿಲ್ಟನ್ ಫ್ರೀಡ್‌ಮನ್ ಮತ್ತು ಆನಾ ಶ್ವಾರ್ಟ್ಜ್ 1963ರಲ್ಲಿ ಪ್ರಕಟಿಸಿದ ಅಮೆರಿಕದ ಹಣದ ಇತಿಹಾಸ ಈ ಕಥೆಗೆ ಹೊಸ ಆರೋಪಿಯನ್ನು ತಂದು ನಿಲ್ಲಿಸಿತು. 1929ರಿಂದ 1933ರ ನಡುವೆ ಅಮೆರಿಕದ ಹಣದ ಮೊತ್ತ ಮೂರನೆಯ ಒಂದು ಪಾಲಿನಷ್ಟು ಕುಗ್ಗಿತು. ಅದನ್ನು ತಡೆಯುವ ಅಧಿಕಾರವಿದ್ದ ಫೆಡರಲ್ ರಿಸರ್ವ್ ಕೈಕಟ್ಟಿ ಕುಳಿತಿತು ಎಂದು ಅವರು ತೋರಿಸಿದರು. 1930ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್ ಎಂಬ ಖಾಸಗಿ ಬ್ಯಾಂಕು ಮುಳುಗಿದಾಗ ಅದನ್ನು ಉಳಿಸಲಿಲ್ಲ. 1931ರ ಅಕ್ಟೋಬರ್‌ನಲ್ಲಿ, ಬ್ರಿಟನ್ ಚಿನ್ನ ತೊರೆದ ಮೇಲೆ, ಡಾಲರ್ ಉಳಿಸಲು ಬಡ್ಡಿಯನ್ನು ಶೇಕಡಾ 1.5ರಿಂದ 3.5ಕ್ಕೆ ಏರಿಸಿತು, ಬ್ಯಾಂಕುಗಳು ಬೀಳುತ್ತಿರುವಾಗ ಹೀಗೆ ಮಾಡುವುದು ಜ್ವರ ಬಂದವನಿಗೆ ಉಪವಾಸ ಹಾಕಿದಂತೆ. ಬಂಡವಾಳಶಾಹಿ ತನ್ನ ದೋಷದಿಂದ ಬೀಳಲಿಲ್ಲ, ಹಣದ ಮೊತ್ತವನ್ನು ನಿಯಂತ್ರಿಸುವವರು ಅದನ್ನು ಬೀಳಿಸಿದರು ಎಂಬುದು ಫ್ರೀಡ್‌ಮನ್‌ರ ತೀರ್ಮಾನ. ಆದ್ದರಿಂದ ವ್ಯವಸ್ಥೆಯನ್ನು ತಿದ್ದುವ ಅಗತ್ಯ ಅವರಿಗೆ ಕಾಣಲಿಲ್ಲ.

ಕೇಂದ್ರ ಬ್ಯಾಂಕು ಕೂಡಲೆ ಹಣ ಒದಗಿಸಿ ಹಣದ ಮೊತ್ತ ಕುಗ್ಗದಂತೆ ತಡೆಯಬೇಕು ಎಂಬುದು ಅವರ ಮದ್ದು. ಬ್ಯಾಂಕುಗಳ ಮೇಲೆ ಠೇವಣಿದಾರರು ಮುಗಿಬಿದ್ದಿರುವ ಗಳಿಗೆಯಲ್ಲಿ ಇದಕ್ಕಿಂತ ತ್ವರಿತವಾದ ಔಷಧವಿಲ್ಲ. ಸಂಸತ್ತಿನ ಒಪ್ಪಿಗೆಗೂ ಕಾಯಬೇಕಿಲ್ಲ. 2002ರಲ್ಲಿ ಫ್ರೀಡ್‌ಮನ್‌ರ ತೊಂಬತ್ತನೆಯ ಹುಟ್ಟುಹಬ್ಬದ ಸಮಾರಂಭದಲ್ಲಿ ಆಗ ಫೆಡರಲ್ ರಿಸರ್ವ್‌ನ ಆಡಳಿತ ಮಂಡಳಿಯಲ್ಲಿದ್ದ, ಮುಂದೆ ಅದರ ಅಧ್ಯಕ್ಷರಾದ ಬೆನ್ ಬರ್ನಾಂಕಿ ಫೆಡರಲ್ ರಿಸರ್ವ್‌ನ ಪರವಾಗಿ ತಪ್ಪೊಪ್ಪಿಕೊಂಡು, ಇನ್ನು ಹಾಗೆ ಮಾಡುವುದಿಲ್ಲ ಎಂದಿದ್ದರು; ಆರೇ ವರ್ಷಗಳಲ್ಲಿ ಆ ಮಾತು ಪರೀಕ್ಷೆಗೆ ಬಂತು. 2008ರ ಬಳಿಕ ಅವರು ಫೆಡರಲ್ ರಿಸರ್ವ್‌ನ ಆಸ್ತಿಪಟ್ಟಿಯನ್ನು ಒಂದು ಟ್ರಿಲಿಯನ್ ಡಾಲರ್‌ಗಿಂತ ಕೆಳಗಿನಿಂದ ನಾಲ್ಕು ಟ್ರಿಲಿಯನ್ ದಾಟಿಸಿದರು. ಎರಡನೆಯ ಮಹಾಮುಗ್ಗಟ್ಟು ಬರಲಿಲ್ಲ. ಆದರೆ 2009ರ ಅಕ್ಟೋಬರ್‌ನಲ್ಲಿ ಶೇಕಡಾ 10 ಮುಟ್ಟಿದ ನಿರುದ್ಯೋಗ 5ಕ್ಕಿಂತ ಕೆಳಗಿಳಿದದ್ದು 2016ರಲ್ಲಿ. ಬ್ಯಾಂಕುಗಳು ವಾರಗಳಲ್ಲಿ ಉಳಿದವು, ಕೆಲಸಗಾರರು ಆರು ವರ್ಷ ಕಾದರು. ಬಡ್ಡಿ ಸೊನ್ನೆ ತಲುಪಿದ ಮೇಲೂ ಸಾಲ ಕೇಳುವವರೇ ಇಲ್ಲದಿದ್ದರೆ ಹಣ ಬ್ಯಾಂಕಿನಲ್ಲೇ ನಿಲ್ಲುತ್ತದೆ ಎಂಬುದನ್ನು ಫ್ರೀಡ್‌ಮನ್‌ರ ಓದುಗರು ಮರೆಯಬಾರದು.

ಕೇನ್ಸ್: ಬೇಡಿಕೆಯೇ ಬತ್ತಿದಾಗ

ಕೇನ್ಸ್‌ರ ‘ಜನರಲ್ ಥಿಯರಿ’ 1936ರ ಫೆಬ್ರವರಿಯಲ್ಲಿ ಬಂತು, ಅಂದರೆ ಕುಸಿತದ ತಳ ಮುಟ್ಟಿ ಮೂರು ವರ್ಷಗಳಾದ ಮೇಲೆ. ಅದರ ತಿರುಳು ಅನಿಶ್ಚಿತತೆಯಲ್ಲಿದೆ. ನಾಳೆ ಸರಕು ಮಾರಾಟವಾಗುತ್ತದೋ ಇಲ್ಲವೋ ತಿಳಿಯದ ಉದ್ಯಮಿ ಬಡ್ಡಿ ಎಷ್ಟೇ ಇಳಿದರೂ ಯಂತ್ರ ಕೊಳ್ಳುವುದಿಲ್ಲ. ಸಂಬಳ ಇಳಿಸಿದರೆ ಕೆಲಸಗಾರರೇ ಗಿರಾಕಿಗಳಾದ್ದರಿಂದ ಮಾರಾಟ ಮತ್ತಷ್ಟು ಇಳಿಯುತ್ತದೆ. ಮನೆಮನೆಯೂ ಉಳಿತಾಯಕ್ಕೆ ನಿಂತರೆ ಒಟ್ಟು ಆದಾಯ ಕುಗ್ಗಿ ಕೊನೆಗೆ ಉಳಿತಾಯವೂ ಆಗುವುದಿಲ್ಲ. ಇಂಥ ಸಮತೋಲನದಲ್ಲಿ ಅರ್ಥವ್ಯವಸ್ಥೆ ಬಹುಕಾಲ ಸಿಕ್ಕಿಕೊಂಡಿರಬಲ್ಲದು, ಹೊರಗಿನಿಂದ ತಳ್ಳುವವರು ಬೇಕು, ತಳ್ಳಬಲ್ಲದ್ದು ಸರ್ಕಾರ ಮಾತ್ರ. ಸರ್ಕಾರ ಖರ್ಚು ಮಾಡಿದ ರೂಪಾಯಿ ಕೈಯಿಂದ ಕೈಗೆ ಸಾಗಿ ತನಗಿಂತ ಹೆಚ್ಚು ಆದಾಯ ಹುಟ್ಟಿಸುತ್ತದೆ ಎಂಬ ‘ಗುಣಕ’ದ ಲೆಕ್ಕವನ್ನು ಅವರ ಶಿಷ್ಯ ರಿಚರ್ಡ್ ಕಾನ್ 1931ರಲ್ಲಿಯೇ ಕೊಟ್ಟಿದ್ದರು.

ಸಿದ್ಧಾಂತ ಬರುವ ಮೊದಲೇ ಇದನ್ನು ಮಾಡಿ ತೋರಿಸಿದವರಿದ್ದರು. ಜಪಾನಿನ ಹಣಕಾಸು ಸಚಿವ ತಕಹಾಶಿ ಕೊರೆಕಿಯೊ 1931ರ ಡಿಸೆಂಬರ್‌ನಲ್ಲಿ ಚಿನ್ನ ತೊರೆದು, ಸಾಲ ಮಾಡಿ ಖರ್ಚು ಹೆಚ್ಚಿಸಿ, ತಮ್ಮ ದೇಶವನ್ನು ಉಳಿದವರಿಗಿಂತ ಬೇಗ ಮೇಲೆತ್ತಿದರು. ಚೇತರಿಕೆ ಬಂದ ಮೇಲೆ ಸೇನೆಯ ಖರ್ಚಿಗೆ ಕಡಿವಾಣ ಹಾಕಲು ಹೋದ ಅವರನ್ನು 1936ರ ಫೆಬ್ರವರಿ 26ರಂದು ಬಂಡೆದ್ದ ಸೇನಾಧಿಕಾರಿಗಳು ಕೊಂದರು. ಖರ್ಚಿನ ಬಾಗಿಲು ತೆರೆಯುವುದಕ್ಕಿಂತ ಮುಚ್ಚುವುದು ಕಷ್ಟ ಎಂಬ ಮಾತಿಗೆ ಇದಕ್ಕಿಂತ ದಾರುಣವಾದ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದಲ್ಲಿ ತದ್ವಿರುದ್ಧವಾದ ತಪ್ಪು ನಡೆಯಿತು. ಚೇತರಿಕೆ ಅರ್ಧ ದಾರಿಯಲ್ಲಿದ್ದಾಗಲೇ, 1937ರಲ್ಲಿ, ಬಜೆಟ್ ಸರಿದೂಗಿಸುವ ಆತುರಕ್ಕೆ ಬಿದ್ದರು, ಬ್ಯಾಂಕುಗಳು ಇಡಬೇಕಾದ ಮೀಸಲನ್ನು ಫೆಡರಲ್ ರಿಸರ್ವ್ 1936–37ರಲ್ಲಿ ದುಪ್ಪಟ್ಟು ಮಾಡಿತು. ಕೈಗಾರಿಕಾ ಉತ್ಪಾದನೆ ಮತ್ತೆ ಸುಮಾರು ಮೂರನೆಯ ಒಂದು ಪಾಲು ಕುಸಿಯಿತು.

ಕೇನ್ಸ್ ಎಂದರೆ ಯಾವಾಗಲೂ ಕೊರತೆ ಬಜೆಟ್ ಎಂದು ತಿಳಿಯುವುದು ಅವರನ್ನು ಓದದವರ ಮಾತು. ಬಿಗಿಯಾಗಿರಬೇಕಾದದ್ದು ಏರುಗಾಲದಲ್ಲಿ, ಕುಸಿತದಲ್ಲಲ್ಲ ಎಂದು ಅವರು 1937ರಲ್ಲಿಯೇ ಬರೆದರು. 1970ರ ದಶಕದಲ್ಲಿ ತೈಲ ಬೆಲೆ ಏರಿ ನಿರುದ್ಯೋಗವೂ ಹಣದುಬ್ಬರವೂ ಜೊತೆಯಾಗಿ ಬಂದಾಗ ಅವರ ಹೆಸರಿನ ಸೂತ್ರ ಸೋತದ್ದೂ ನಿಜ. ಪೂರೈಕೆಯ ಕಡೆ ಪೆಟ್ಟು ಬಿದ್ದಾಗ ಬೇಡಿಕೆ ಹೆಚ್ಚಿಸಿದರೆ ಬೆಲೆ ಏರುವುದೇ ಹೆಚ್ಚು. ಹಯೆಕ್‌ಗೆ 1974ರಲ್ಲಿಯೂ ಫ್ರೀಡ್‌ಮನ್‌ಗೆ 1976ರಲ್ಲಿಯೂ ನೊಬೆಲ್ ಪ್ರಶಸ್ತಿ ಬಂದದ್ದು ಆ ಸೋಲಿನ ಕಾಲದಲ್ಲಿ. ಪೋಲೆಂಡಿನ ಮಿಹಾವ್ ಕಲೆಟ್ಸ್ಕಿ 1943ರಲ್ಲಿ ಎತ್ತಿದ ಪ್ರಶ್ನೆಯೂ ಉಳಿದಿದೆ: ಎಲ್ಲರಿಗೂ ಕೆಲಸವಿದ್ದರೆ ಕೆಲಸದಿಂದ ತೆಗೆಯುವ ಬೆದರಿಕೆಗೆ ಬೆಲೆಯಿರುವುದಿಲ್ಲ, ಅಂಥ ಸ್ಥಿತಿಯನ್ನು ಮಾಲೀಕರು ಎಷ್ಟು ಕಾಲ ಸಹಿಸುತ್ತಾರೆ?

ವ್ಯವಸ್ಥೆಯನ್ನೇ ತಿದ್ದಹೊರಟವರು

ಹಂಗೇರಿ ಮೂಲದ ಚಿಂತಕ ಕಾರ್ಲ್ ಪೊಲಾನ್ಯಿ ಔಷಧ ಬರೆದುಕೊಟ್ಟವರಲ್ಲ. ದುಡಿಮೆ, ನೆಲ, ಹಣ ಈ ಮೂರನ್ನೂ ಮಾರಾಟದ ಸರಕಿನಂತೆ ನಡೆಸಿಕೊಂಡರೆ ಸಮಾಜ ತನ್ನನ್ನು ಉಳಿಸಿಕೊಳ್ಳಲು ತಿರುಗಿಬೀಳುತ್ತದೆ, ಆ ತಿರುಗುವಿಕೆ ರೂಸ್‌ವೆಲ್ಟ್‌ರ ಸುಧಾರಣೆಯ ರೂಪವನ್ನೂ ತಾಳಬಹುದು, ಫ್ಯಾಸಿಸಮ್ಮಿನ ರೂಪವನ್ನೂ ತಾಳಬಹುದು ಎಂದು ಅವರು 1944ರಲ್ಲಿ ವಾದಿಸಿದರು. ಕಾಯುವಿಕೆಗೆ ಮಿತಿಯಿದೆ ಎಂಬುದನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸಿದವರು ಅವರೊಬ್ಬರೇ ಎನ್ನಬಹುದು. ಕಾಫಿ ಬೆಳೆಗಾರರಿಗೆ ಈ ಮಾತು ಹತ್ತಿರದ್ದು. ಬೆಲೆ ಕುಸಿತದ ಆ ದಶಕದಲ್ಲಿ, 1935ರಲ್ಲಿ, ಕಾಫಿ ಸೆಸ್ ಕಾಯ್ದೆ ಬಂತು. ಯುದ್ಧದಿಂದ ರಫ್ತು ನಿಂತಾಗ 1942ರ ಕಾಯ್ದೆಯ ಮೂಲಕ ಈಗಿನ ಕಾಫಿ ಮಂಡಳಿ ಗಟ್ಟಿಯಾಯಿತು. ಬೆಳೆಗಾರರನ್ನು ಬರಿಯ ಪೇಟೆಯ ಕೈಗೆ ಬಿಡದ ಆ ಏರ್ಪಾಡು 1990ರ ದಶಕದವರೆಗೆ ನಡೆಯಿತು.

ಮೈಸೂರಿನ ನಿವೃತ್ತ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಈ ಸಾಲಿನಲ್ಲಿ ಸೇರಿಸುವುದು ಅಭಿಮಾನದಿಂದ ಮಾತ್ರವಲ್ಲ. 1934ರಲ್ಲಿ ಅವರು ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆಯನ್ನು ಮುಂದಿಟ್ಟು, ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿ ಮಾಡುವ ಗುರಿ ಹಾಕಿಕೊಂಡರು. ಖಾಸಗಿ ಉದ್ಯಮ ಉಳಿಯಬೇಕು, ಅದರ ದಿಕ್ಕನ್ನು ಮಾತ್ರ ಯೋಜನೆ ಗೊತ್ತುಮಾಡಬೇಕು ಎಂಬುದು ಅವರ ಬಂಡವಾಳಶಾಹಿ. ಕುಸಿತದ ನಡುವೆಯೇ, ದಿವಾನ್ ಮಿರ್ಜಾ ಇಸ್ಮಾಯಿಲ್‌ರ ಕಾಲದಲ್ಲಿ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ಹಿಂದಿನ ವರ್ಷವಷ್ಟೇ ಭಾರತ ಸರ್ಕಾರ ಸಕ್ಕರೆಗೆ ಸುಂಕದ ರಕ್ಷಣೆ ಕೊಟ್ಟಿತ್ತು. ಕನ್ನಂಬಾಡಿಯ ನೀರು, ಕಬ್ಬು, ಸಂಸ್ಥಾನದ ಹಣ ಒಂದಾದವು. ಕೇನ್ಸ್‌ಗೆ ಬೇಕಿದ್ದದ್ದು ನಿಂತ ಕಾರ್ಖಾನೆಗಳನ್ನು ಮತ್ತೆ ಓಡಿಸುವುದು. ಇಲ್ಲಿ ಓಡಿಸಲು ಕಾರ್ಖಾನೆಗಳೇ ಇರಲಿಲ್ಲ, ಮೊದಲು ಕಟ್ಟಬೇಕಿತ್ತು. ಬಡ ದೇಶಗಳ ಓದುಗರು ಈ ವ್ಯತ್ಯಾಸವನ್ನು ಸದಾ ಎದುರಿಗಿಟ್ಟುಕೊಳ್ಳಬೇಕು.

ಅಮೆರಿಕದ ಅರ್ಥಶಾಸ್ತ್ರಜ್ಞ ಹೈಮನ್ ಮಿನ್ಸ್ಕಿ ಹೇಳಿದ್ದು ಚಿಕ್ಕ ಮಾತು, ತೂಕ ದೊಡ್ಡದು. ನೆಮ್ಮದಿಯ ಕಾಲವೇ ಅಪಾಯವನ್ನು ಬೆಳೆಸುತ್ತದೆ. ಮೊದಲು ಅಸಲು ಬಡ್ಡಿ ಎರಡನ್ನೂ ಆದಾಯದಿಂದ ಕಟ್ಟಬಲ್ಲವರು ಸಾಲ ಮಾಡುತ್ತಾರೆ. ಆಮೇಲೆ ಬಡ್ಡಿಯನ್ನಷ್ಟೇ ಕಟ್ಟಬಲ್ಲವರು. ಕೊನೆಗೆ ಆಸ್ತಿಯ ಬೆಲೆ ಏರುತ್ತದೆಂಬ ಭರವಸೆಯ ಮೇಲೆಯೇ ಸಾಲ ಮಾಡುವವರು. 1996ರಲ್ಲಿ ತೀರಿಕೊಂಡ ಅವರನ್ನು 2008ರಲ್ಲಿ ಎಲ್ಲರೂ ಹುಡುಕಿ ಓದಿದರು. ಕೆಲಸ ಕೇಳಿದವರಿಗೆಲ್ಲ ಸರ್ಕಾರವೇ ಕೆಲಸ ಕೊಡುವ ಶಾಶ್ವತ ಏರ್ಪಾಡು ಬೇಕೆಂಬುದು ಅವರ ಸಲಹೆಗಳಲ್ಲಿ ಒಂದು. ಹಾಗಾದರೆ ಕಾಯುವ ಪ್ರಶ್ನೆಯೇ ಏಳುವುದಿಲ್ಲ.

ಆಯ್ಕೆ ಮಾಡುವುದು ಹೇಗೆ

ಮುಂದಿನ ಕುಸಿತ ಬಂದಾಗ ಮೊದಲು ಬ್ಯಾಂಕುಗಳ ಕಡೆ ನೋಡಿ. ಠೇವಣಿದಾರರು ಸಾಲುಗಟ್ಟಿ ನಿಂತಿದ್ದರೆ ಫ್ರೀಡ್‌ಮನ್‌ರ ಮಾತು ನಡೆಯಬೇಕು, ಉಳಿದ ಚರ್ಚೆಗಳೆಲ್ಲ ಆಮೇಲೆ. ಎರಡನೆಯದಾಗಿ ಬೆಲೆಗಳನ್ನೂ ಸಾಲಗಳನ್ನೂ ನೋಡಿ. ಬೆಲೆ ಇಳಿಯುತ್ತ ಸಾಲದ ಹೊರೆ ಏರುತ್ತಿದ್ದರೆ ಫಿಷರ್ ಸರಿ. ಅಮೆರಿಕ 1933ರಲ್ಲಿ ಗೃಹಸಾಲ ನಿಗಮವೊಂದನ್ನು ಕಟ್ಟಿ ಸುಮಾರು ಹತ್ತು ಲಕ್ಷ ಮನೆಗಳ ಸಾಲವನ್ನು ಸುಲಭ ಕಂತುಗಳಿಗೆ ಬದಲಿಸಿಕೊಟ್ಟಂತೆ, ಸಾಲವನ್ನೇ ಹಗುರಗೊಳಿಸುವ ದಾರಿಯೂ ಇದೆ. ಬ್ಯಾಂಕುಗಳು ನಿಂತಿವೆ, ಬಡ್ಡಿ ತಳ ಮುಟ್ಟಿದೆ, ಆದರೂ ಕಾರ್ಖಾನೆಗಳು ಅರ್ಧ ದಿನ ಓಡುತ್ತಿವೆ ಎಂದಾದರೆ ಕೇನ್ಸ್‌ರ ಸರದಿ. ಸರಕೇ ಸಿಗದೆ ಬೆಲೆ ಏರುತ್ತಿದ್ದರೆ ಅವರನ್ನು ಅವಸರದಲ್ಲಿ ಕರೆಯಬೇಡಿ. 2020ರ ಕೊರೊನಾ ಕಾಲದಲ್ಲಿ ಎರಡೂ ಪೆಟ್ಟು ಒಟ್ಟಿಗೆ ಬಿದ್ದಿದ್ದವು, ಹಾಗಾಗಿಯೇ ಆಯ್ಕೆ ಅಷ್ಟು ಕಠಿಣವಾಯಿತು. ಹಯೆಕ್ ಮತ್ತು ಮಿನ್ಸ್ಕಿಯನ್ನು ಎಲ್ಲ ಚೆನ್ನಾಗಿರುವಾಗ ಓದಿ. ವಿಶ್ವೇಶ್ವರಯ್ಯನವರನ್ನು, ಕುಸಿತಕ್ಕೆ ಮೊದಲೂ ನಮ್ಮಲ್ಲಿ ಏನೂ ಇರಲಿಲ್ಲವಲ್ಲ ಎನ್ನುವವರು ಓದಬೇಕು.

ಕೊನೆಯ ಪ್ರಶ್ನೆಯನ್ನು ಹಲವರು ಕೇಳಲು ಮರೆಯುತ್ತಾರೆ: ದೇಶದ ನಾಣ್ಯ ಅದರ ಕೈಯಲ್ಲಿದೆಯೇ? 1930ರ ದಶಕದ ದೇಶಗಳನ್ನು ಹೋಲಿಸಿದ ಇತಿಹಾಸಕಾರರಿಗೆ ಕಂಡದ್ದೇನೆಂದರೆ, ಚಿನ್ನವನ್ನು ಮೊದಲು ಬಿಟ್ಟವರು ಮೊದಲು ಎದ್ದರು. ಬ್ರಿಟನ್, ಸ್ವೀಡನ್ 1931ರಲ್ಲಿ ಬಿಟ್ಟವು, ಅಮೆರಿಕ 1933ರಲ್ಲಿ. 1936ರವರೆಗೆ ಹಿಡಿದುಕೊಂಡ ಫ್ರಾನ್ಸ್ ಅಷ್ಟೇ ತಡವಾಗಿ ಚೇತರಿಸಿತು. 1944ರಲ್ಲಿ, ಯುದ್ಧಾನಂತರದ ಹಣಕಾಸು ಏರ್ಪಾಡನ್ನು ರೂಪಿಸುವ ಅಂತರರಾಷ್ಟ್ರೀಯ ಸಮ್ಮೇಳನ ನಡೆದ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ಕೇನ್ಸ್ ಬ್ರಿಟಿಷ್ ನಿಯೋಗದ ನಾಯಕರಾಗಿದ್ದಾಗ ಅದೇ ನಿಯೋಗದಲ್ಲಿ ರಾಬಿನ್ಸ್ ಕೂಡ ಇದ್ದರು. ಹನ್ನೆರಡು ವರ್ಷಗಳ ಹಿಂದೆ ಪತ್ರಿಕೆಯಲ್ಲಿ ಎದುರುಬದುರಾಗಿದ್ದ ಇಬ್ಬರೂ ಅಗತ್ಯ ಬಿದ್ದಾಗ ವಿನಿಮಯ ದರ ಬದಲಿಸಿಕೊಳ್ಳಲು ದೇಶಗಳಿಗೆ ಅವಕಾಶವಿರುವ ಏರ್ಪಾಡಿಗಾಗಿ ದುಡಿದರು. 2010ರಲ್ಲಿ ಸಾಲದ ಬಿಕ್ಕಟ್ಟಿಗೆ ಸಿಕ್ಕಿದ ಗ್ರೀಸ್‌ಗೆ ಆ ಅವಕಾಶವಿರಲಿಲ್ಲ. ಯೂರೋ ಅದರ ಕೈಯಲ್ಲಿರಲಿಲ್ಲ, ಸಾಲ ಕೊಟ್ಟವರು ಕಡಿತದ ಷರತ್ತು ಹಾಕಿದರು. ಅದರ ಉತ್ಪಾದನೆಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಕರಗಿತು, 2013ರಲ್ಲಿ ನಿರುದ್ಯೋಗ ಶೇಕಡಾ 27 ದಾಟಿತು. ಅದೇ ವರ್ಷ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೆ ಬ್ಲಾಂಶಾರ್ ಸಹೋದ್ಯೋಗಿಯೊಬ್ಬರ ಜೊತೆ ಬರೆದ ಪ್ರಬಂಧದಲ್ಲಿ, ಕಡಿತದಿಂದ ಆಗುವ ಹಾನಿಯನ್ನು ಯೂರೋಪಿನ ಮುನ್ನಂದಾಜುಗಳು ಕಡಿಮೆ ಎಣಿಸಿದ್ದವು ಎಂದು ಒಪ್ಪಿಕೊಂಡರು. ಗ್ರೀಸ್‌ನಲ್ಲಿ ಅಷ್ಟರೊಳಗೆ ಕಡಿತದ ಮೂರು ವರ್ಷಗಳು ಕಳೆದಿದ್ದವು.